ಶಿವಮೊಗ್ಗದಿಂದ ಹಾರ್ಪ್ಸಿಕಾರ್ಡ್ ಕಲಿಕೆಗೆ ಹೊರಡುವವರಿಗೆ

ಕೀಬೋರ್ಡ್ ಕಲಿತು ಬರೋಕ್ ಸಂಗೀತದತ್ತ, ಅಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತದತ್ತ, ಹೊರಳುವವರು ಮೊದಲು ಬೆರಳಿನ ಅಭ್ಯಾಸವನ್ನು ತಿದ್ದಿಕೊಳ್ಳಬೇಕು. ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡಿನ ಕೀ ಒತ್ತಿದಾಗ ಸಣ್ಣ ಕಡ್ಡಿಯೊಂದು ತಂತಿಯನ್ನು ಮೀಟುವುದರಿಂದ, ಎಷ್ಟೇ ಬಲವಾಗಿ ಒತ್ತಿದರೂ ನಾದ ಅಷ್ಟಾಗಿ ದೊಡ್ಡದಾಗದು. ಭಾವವೆಲ್ಲ ಸ್ವರವನ್ನು ಯಾವಾಗ ಹಿಡಿದು ಯಾವಾಗ ಬಿಡುತ್ತೇವೆ ಎಂಬುದರಲ್ಲಿದೆ.

ನಂತರ ಬಾಸೋ ಕಂಟಿನ್ಯೂವೊ ಕಲಿಯಿರಿ. ಮಂದ್ರ ಸ್ವರಗಳೊಂದಿಗೆ ಬರೆದ ಅಂಕಿಗಳನ್ನು ನೋಡಿ ಸ್ವರಮೇಳವನ್ನು ಸ್ಥಳದಲ್ಲೇ ತುಂಬುವ ಈ ವಿದ್ಯೆ, ಕರ್ನಾಟಕ ಸಂಗೀತದ ಮನೋಧರ್ಮಕ್ಕೆ (ಸ್ಥಳದಲ್ಲೇ ಕಲ್ಪಿಸಿ ಹಾಡುವ ಕಲೆಗೆ) ಒಗ್ಗಿದ ನಮ್ಮವರಿಗೆ ಬೇಗ ಒಲಿಯುತ್ತದೆಂದು ನನ್ನ ನಂಬಿಕೆ. ವಾದ್ಯದ ಮುಂದೆ ಕುಳಿತೇ ವೃಂದವನ್ನು ನಡೆಸಲು ಇದೇ ಬುನಾದಿ. 1972ರಲ್ಲಿ ದಿ ಇಂಗ್ಲಿಷ್ ಕನ್ಸರ್ಟ್ ಎಂಬ ಬರೋಕ್ ವಾದ್ಯವೃಂದ ಕಟ್ಟಿದ ಹಾರ್ಪ್ಸಿಕಾರ್ಡ್ ವಾದಕ ಟ್ರೆವರ್ ಪಿನ್ನಾಕ್ ಹಾಗೆಯೇ ನಡೆಸಿದವರು. ಉನ್ನತ ಶಿಕ್ಷಣಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹಳೆಯ ಸಂಗೀತದ ಶಾಲೆ ಸ್ಕೋಲಾ ಕ್ಯಾಂಟೋರಮ್ ಇದೆ.

ಮಲೆನಾಡಿನ ಮಳೆಗಾಲದ ತೇವಕ್ಕೆ ವಾದ್ಯದ ಹಲಗೆ ಉಬ್ಬಿ ಶ್ರುತಿ ಏರುತ್ತದೆ. ಆದ್ದರಿಂದ 'ಎ' ಸ್ವರವನ್ನು ಬರೋಕ್ ವಾದನದಲ್ಲಿ ಇಂದು ರೂಢಿಯಲ್ಲಿರುವ 415 ಹರ್ಟ್ಜ್‌ಗೆ ಸ್ವತಃ ಕೂಡಿಸುವುದನ್ನು ರೂಢಿಸಿಕೊಳ್ಳಿ.