ರಕ್ತಸ್ರಾವ ತಡೆಯುವ ಬಿಗಿಪಟ್ಟಿ: ರಣರಂಗದಿಂದ ಬಂದ ಕ್ರಮ

ಕೈಕಾಲಿನ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಟೂರ್ನಿಕೆಟ್ ಎಂಬ ಬಿಗಿಪಟ್ಟಿ ಕಟ್ಟಿದರೆ ಅಂಗವೇ ಹೋಗುತ್ತದೆಂಬ ಭಯದಿಂದ ಅದನ್ನು ಬಹುಕಾಲ ಕೊನೆಯ ಉಪಾಯವೆಂದು ಬದಿಗಿಟ್ಟಿದ್ದರು. ಇರಾಕ್ ಯುದ್ಧದಲ್ಲಿ, ಗಾಯಾಳುವಿನ ರಕ್ತದೊತ್ತಡ ಕುಸಿಯುವ ಮೊದಲೇ ಪಟ್ಟಿ ಕಟ್ಟಿದಾಗ ಹೆಚ್ಚು ಜನ ಬದುಕುಳಿದರೆಂದು ಸೇನಾ ವೈದ್ಯರು ದಾಖಲಿಸಿದ ಮೇಲೆ ಆ ಅಭಿಪ್ರಾಯ ಬದಲಾಯಿತು.

ಮೊದಲು ಶುಭ್ರವಾದ ಬಟ್ಟೆಯಿಟ್ಟು ಗಾಯವನ್ನು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ, ಪಕ್ಕದವರಿಂದ ಆಂಬುಲೆನ್ಸ್ ಕರೆಸಿ. ರಕ್ತ ಚಿಮ್ಮುತ್ತಿದ್ದರೆ ಅಥವಾ ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಅಂದರೆ ಹೃದಯದ ಕಡೆಗೆ, ಮೊಣಕಾಲು ಮೊಣಕೈಗಳ ಕೀಲನ್ನು ತಪ್ಪಿಸಿ ಪಟ್ಟಿಯನ್ನು ಸುತ್ತಿ ಎಳೆದು, ರಕ್ತ ಪೂರ್ತಿ ನಿಲ್ಲುವವರೆಗೆ ಅದನ್ನು ಬಿಗಿಗೊಳಿಸಲು ಅದರಲ್ಲೇ ಇರುವ ಕಡ್ಡಿಯನ್ನು ತಿರುಗಿಸಿ, ಮತ್ತೆ ಸಡಿಲವಾಗದಂತೆ ಸಿಕ್ಕಿಸಬೇಕು. ಗಾಯಾಳು ನೋವಿನಿಂದ ಕೂಗಿಕೊಳ್ಳುವುದು ಸಹಜ. ಆದರೂ ಮರುಕದಿಂದ ಸಡಿಲಿಸಬಾರದು, ಏಕೆಂದರೆ ಅರೆಬಿಗಿಯಾದ ಪಟ್ಟಿ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳನ್ನಷ್ಟೇ ಮುಚ್ಚಿ, ಹೃದಯದಿಂದ ರಕ್ತ ತರುವ ಅಪಧಮನಿಯನ್ನು ತೆರೆದೇ ಬಿಡುವುದರಿಂದ ರಕ್ತಸ್ರಾವ ಇನ್ನೂ ಹೆಚ್ಚಬಹುದು. ಒಂದು ಪಟ್ಟಿ ಸಾಲದಿದ್ದರೆ ಅದರ ಮೇಲ್ಭಾಗದಲ್ಲಿ ಮತ್ತೊಂದನ್ನು ಕಟ್ಟಬಹುದು.

ತೆಳುವಾದ ತಂತಿ, ಹಗ್ಗ ಬೇಡ. ಅವು ಚರ್ಮವನ್ನು ಕೊಯ್ಯುತ್ತವೆ. ಕಟ್ಟಿದ ಸಮಯವನ್ನು ಪಟ್ಟಿಯ ಮೇಲೆಯೇ ಬರೆಯಿರಿ, ಅದನ್ನು ಬಿಚ್ಚುವ ಕೆಲಸವನ್ನು ವೈದ್ಯರಿಗೇ ಬಿಡಿ.