ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ: ಎಲ್ಲವನ್ನೂ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಬ್ರಿಟನ್ನಿಗೆ ಬಂದು ಮನೆ ಹೂಡುವ ಕುಟುಂಬಗಳಲ್ಲಿ ಹಲವರು, ಪ್ರತಿಯೊಂದು ಬೆಲೆಯನ್ನೂ ರೂಪಾಯಿಗೆ ಗುಣಿಸಿ ನೋಡಿದ ಮೇಲೆ, ಎಲ್ಲ ಸಾಮಾನನ್ನೂ ಸೆಕೆಂಡ್ ಹ್ಯಾಂಡ್ ಆಗಿಯೇ ಕೊಳ್ಳಲು ನಿಶ್ಚಯಿಸುತ್ತಾರೆ. ಊಟದ ಮೇಜು, ಕಪಾಟು, ಪಾತ್ರೆ, ಮಕ್ಕಳ ಪುಸ್ತಕಗಳ ಮಟ್ಟಿಗೆ ಇದು ಸರಿಯಾದ ನಿಶ್ಚಯವೇ. ದಾನವಾಗಿ ಬಂದ ಹಳೆಯ ಸಾಮಾನನ್ನು ಸೇವಾಸಂಸ್ಥೆಗಳು ಮಾರುವ ಚಾರಿಟಿ ಅಂಗಡಿಗಳಲ್ಲಿ ಇವು ಚೆನ್ನಾಗಿಯೇ ಸಿಗುತ್ತವೆ, ಕೊರತೆಯಿದ್ದರೆ ಕಣ್ಣಿಗೆ ಕಾಣುತ್ತದೆ. ದೋಷ ಒಳಗೆ ಅಡಗಿರಬಹುದಾದ ವಸ್ತುಗಳಲ್ಲಿ ಮಾತ್ರ ಅಗ್ಗದ ಬೆಲೆಯನ್ನು ನಂಬಬಾರದು.

ಮಕ್ಕಳ ಕಾರ್ ಸೀಟು ಅಂಥದ್ದು. ಇಲ್ಲಿನ ಕಾನೂನಿನಂತೆ ಮಗುವಿಗೆ 12 ವರ್ಷ ತುಂಬುವವರೆಗೆ ಅಥವಾ ಎತ್ತರ 135 ಸೆಂಟಿಮೀಟರ್ ಆಗುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಕಾರಿನಲ್ಲಿ ಸೂಕ್ತ ಸೀಟು ಇರಲೇಬೇಕು. ಒಮ್ಮೆ ಅಪಘಾತಕ್ಕೆ ಸಿಕ್ಕ ಸೀಟಿನ ಬಿರುಕು ಬಟ್ಟೆಯ ಹೊದಿಕೆಯಡಿ ಮರೆಯಾಗಿರುತ್ತದೆ. ಆದ್ದರಿಂದ ಅದರ ಪೂರ್ವಾಪರ ಬಲ್ಲ ಬಂಧುಗಳೋ ಆಪ್ತರೋ ಕೊಟ್ಟ ಹೊರತು ಹಳೆಯದನ್ನು ತೆಗೆದುಕೊಳ್ಳಬೇಡಿ. ಸೈಕಲ್ ಹೆಲ್ಮೆಟ್ಟಿಗೂ ಇದೇ ಮಾತು. ಹಸುಗೂಸಿನ ತೊಟ್ಟಿಲು ಹಳೆಯದಾದರೂ ಅದರ ಹಾಸಿಗೆ ಹೊಸದಿರಲಿ.

ಸೋಫಾದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮೆತ್ತೆಯ ಪೀಠೋಪಕರಣಗಳು ಬೇಗ ಬೆಂಕಿ ಹಿಡಿಯಬಾರದೆಂದು 1988ರಲ್ಲಿ ಬಂದ ನಿಯಮಗಳ ಪ್ರಕಾರ ಅವುಗಳಲ್ಲಿ ಶಾಶ್ವತವಾದ ಅಗ್ನಿಸುರಕ್ಷತೆಯ ಲೇಬಲ್ ಹೊಲಿದಿರಬೇಕು. ಅದಿಲ್ಲದ ಸೋಫಾವನ್ನು ಚಾರಿಟಿ ಅಂಗಡಿಗಳು ದಾನವಾಗಿಯೂ ಸ್ವೀಕರಿಸುವುದಿಲ್ಲ. ತಮ್ಮ ಮನೆಯ ಸಾಮಾನು ಮಾರುವ ಖಾಸಗಿ ವ್ಯಕ್ತಿಗಳನ್ನು ಯಾರೂ ಹೀಗೆ ತಪಾಸಣೆ ಮಾಡುವುದಿಲ್ಲವಾದ್ದರಿಂದ, ಮೆತ್ತೆ ಎತ್ತಿ ಲೇಬಲ್ ಹುಡುಕುವ ಕೆಲಸ ನಿಮ್ಮದೇ. ಕೊಂಡ ಮೇಲೆ ಅಂದ ಕೆಡಿಸುತ್ತದೆಂದು ಅದನ್ನು ಕತ್ತರಿಸಿ ಹಾಕಿದರೆ, ಮನೆ ಬದಲಿಸುವಾಗ ಸೋಫಾವನ್ನು ಪುಕ್ಕಟೆ ಕೊಡುವುದೂ ಕಷ್ಟವಾಗಿ, ಸಾಗಿಸಲು ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಶುಲ್ಕ ಕಟ್ಟಬೇಕಾಗಬಹುದು. ಇಲ್ಲಿನ ಹಳೆಯ ಮನೆಗಳ ಮೆಟ್ಟಿಲು ಬಲು ಇಕ್ಕಟ್ಟು. ಬಾಗಿಲಿನ ಅಳತೆಯನ್ನು ಮೊದಲೇ ತೆಗೆದುಕೊಳ್ಳಿ.

ವಾಷಿಂಗ್ ಮೆಷಿನ್, ಗ್ಯಾಸ್ ಒಲೆಗಳಲ್ಲಿ ಬೆಲೆಗಿಂತ ಮೇಲುಖರ್ಚೇ ಹೆಚ್ಚಾಗುವುದುಂಟು. ವ್ಯಾನ್ ಬಾಡಿಗೆ ಒಂದು ಕಡೆ. ಗ್ಯಾಸ್ ಒಲೆಯನ್ನಂತೂ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿಯಿರುವ ಎಂಜಿನಿಯರ್‌ರಿಂದಲೇ ಹಾಕಿಸಬೇಕು. ವ್ಯಾಪಾರಿಯಿಂದ ಕೊಂಡ ಹಳೆಯ ಯಂತ್ರದಲ್ಲಿ ಮೊದಲೇ ತಿಳಿಸದ ದೋಷ ಕಂಡರೆ, 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ 30 ದಿನಗಳೊಳಗೆ ಹಿಂದಿರುಗಿಸಿ ಹಣ ಕೇಳಬಹುದು. ಖಾಸಗಿ ವ್ಯಕ್ತಿಯಿಂದ ಕೊಂಡಾಗ ಈ ಹಕ್ಕಿಲ್ಲ. ವಸ್ತು ಅವರು ವರ್ಣಿಸಿದಂತೆ ಇರಬೇಕೆಂದಷ್ಟೇ ಕೇಳಬಹುದು. ಹಾಗಾಗಿ ಜಾಹೀರಾತನ್ನೂ ನಡೆಸಿದ ಸಂದೇಶಗಳನ್ನೂ ಉಳಿಸಿಕೊಳ್ಳಿ, ಯಂತ್ರವನ್ನು ಓಡಿಸಿ ನೋಡದೆ ಹಣ ಕೊಡಬೇಡಿ. ಮಿಕ್ಸಿಯನ್ನು ಇಲ್ಲಿ ಹುಡುಕುವ ಅಗತ್ಯವೇ ಇಲ್ಲ: ವಿದ್ಯುತ್ತಿನ ವೋಲ್ಟೇಜು ಭಾರತದಂತೆಯೇ 230 ಆಗಿರುವುದರಿಂದ, ಊರಿನಿಂದ ತಂದದ್ದಕ್ಕೆ ಇಲ್ಲಿನ ಫ್ಯೂಸ್ ಇರುವ ಪ್ಲಗ್ ಹಾಕಿಸಿದರೆ ಸಾಕು.

ಶಾಲೆಯ ಸಮವಸ್ತ್ರಕ್ಕೆ ಹಣ ಸುರಿಯುವ ಮೊದಲು ಶಾಲೆಯ ಕಚೇರಿಯಲ್ಲಿ ವಿಚಾರಿಸಿ. ಇಂಗ್ಲೆಂಡಿನಲ್ಲಿ ಬಳಸಿದ ಸಮವಸ್ತ್ರ ದೊರೆಯುವಂತೆ ಶಾಲೆಗಳೇ ನೋಡಿಕೊಳ್ಳಬೇಕು. ಬೂಟುಗಳನ್ನು ಮಾತ್ರ ಮಗುವಿನ ಪಾದದ ಅಳತೆ ಕೊಟ್ಟು ಹೊಸದಾಗಿಯೇ ಕೊಳ್ಳಿ.