ಪಟ್ಟಿಯಲ್ಲಿ ಇಲ್ಲದ ಹುಚ್ಚು

ಯಂತ್ರಗಳ ಜೊತೆ ಬರುವ ಕೈಪಿಡಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಅದೇ, ಡಬ್ಬಿ ಬಿಚ್ಚಿದ ಕೂಡಲೇ ಎಲ್ಲರೂ ಪಕ್ಕಕ್ಕೆ ಎಸೆಯುವ ಪುಸ್ತಕ. ಯಾವ ಸ್ಕ್ರೂ ಎಲ್ಲಿಗೆ, ಯಾವ ಮುಚ್ಚಳ ಯಾವ ಕಡೆ ತಿರುಗಬೇಕು, ಯಾವ ತಂತಿ ಮುಟ್ಟಬಾರದು ಅನ್ನುವುದೆಲ್ಲ ಅದರಲ್ಲಿರುತ್ತದೆ. ಹದಿನಾಲ್ಕು ವರ್ಷ ಇದನ್ನೇ ಮಾಡಿದ ಮೇಲೆ, ಒಂದು ಸಂಜೆ ಒಂದೇ ಪುಟದಲ್ಲಿ ಹನ್ನೊಂದನೇ ಸ್ಕ್ರೂ ಬರೆಯುತ್ತಾ ಕೂತಿದ್ದೆ. ಮಗಳು ಪಕ್ಕಕ್ಕೆ ಬಂದು, "ಅಮ್ಮಾ, ನೀನು ಏನು ಆಟ ಆಡ್ತೀಯ?" ಅಂದಳು.

ಅವಳಿಗೆ ಆಗ ಆರು ವರ್ಷ. ಸುಮ್ನೆ ತಿಳಿದುಕೊಳ್ಳೋಣ ಅಂತ ಕೇಳಿದ್ದು. ನಾನು ಯೋಚಿಸಿದೆ. ಫೋನ್ ನೋಡುತ್ತೇನೆ, ಬಟ್ಟೆ ಮಡಚುತ್ತೇನೆ, ನಿದ್ದೆ ಮಾಡುತ್ತೇನೆ. "ದೊಡ್ಡವರು ಆಡಲ್ಲ ಪುಟ್ಟಾ" ಅಂದೆ. "ಪಾಪ" ಅಂತ ಹೇಳಿ ಅವಳು ಹೋದಳು.

ಆ "ಪಾಪ" ಕೆಲವು ದಿನ ತಲೆಯಲ್ಲೇ ಉಳಿಯಿತು. ಕೆಲಸದ ಮೇಲೆ ಸಿಟ್ಟೇನೂ ಇರಲಿಲ್ಲ ನನಗೆ. ಸಿಟ್ಟಿದ್ದಿದ್ದರೆ ಬಿಡಬಹುದಿತ್ತು. ಇದ್ದದ್ದು ಬರೀ ಸಪ್ಪೆ. ಸರಿ, ನನಗೂ ಏನಾದರೂ ಹುಚ್ಚು ಬೇಕು ಅಂತ ತೀರ್ಮಾನಿಸಿದೆ. ತೀರ್ಮಾನಿಸಿದವಳು ಮಾಡಿದ ಮೊದಲ ಕೆಲಸ ನೋಡಿ: ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದೆ! ಫೋಟೋಗ್ರಫಿ, ಸಂಗೀತ, ತೋಟ, ಓಟ, ಹೊಸ ಭಾಷೆ, ಹೀಗೆ ಹದಿನಾಲ್ಕು. ಪ್ರತಿಯೊಂದರ ಮುಂದೆ ಖರ್ಚು, ಸಮಯ, ಆಸಕ್ತಿ ಅಂತ ಅಂಕ ಹಾಕುವ ಕಾಲಂ. ಜಾಸ್ತಿ ಅಂಕ ಬಂದದ್ದು ಮೌತ್ ಆರ್ಗನ್ನಿಗೆ. ಒಳ್ಳೆಯದೇ ತಂದೆ. ಎರಡನೇದಕ್ಕೆ ಕ್ಯಾಮೆರಾ. ಆರು ತಿಂಗಳಲ್ಲಿ ಎರಡೂ ಅಟ್ಟ ಸೇರಿದವು.

ಆ ದಿನಗಳಲ್ಲಿ ದೊಡ್ಡವರ ಬಗ್ಗೆ ಓದಿದ್ದೂ ನನಗೆ ತೊಂದರೆಯೇ ಆಯಿತು. ಪೂರ್ಣಚಂದ್ರ ತೇಜಸ್ವಿ ಕಾದಂಬರಿ ಬರೆದರು, ತೋಟ ಮಾಡಿದರು, ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು. ಶಿವರಾಮ ಕಾರಂತರಂತೂ ಕಾದಂಬರಿ, ಯಕ್ಷಗಾನ, ಮಕ್ಕಳಿಗೆ ವಿಜ್ಞಾನ, ಪರಿಸರ ಅಂತ ಕೈಹಾಕದ ಕ್ಷೇತ್ರವೇ ಇಲ್ಲ. ಓದಿದಾಗ ನನಗೆ ಹುರುಪು ಬರಲಿಲ್ಲ, ನಾಚಿಕೆ ಬಂತು. ಅವರು ಮಾಡಿ ಮುಗಿಸಿದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಕೈಯಾಡಿಸಿ ಬಿಟ್ಟದ್ದರ ಲೆಕ್ಕ ಯಾರೂ ಇಟ್ಟಿರುವುದಿಲ್ಲ.

ನಿಜವಾದ ಶುರು ಆದದ್ದು ಪಟ್ಟಿಯ ಹೊರಗೆ. ಮಗಳಿಗೆ ಕಾಗದದ ಕೊಕ್ಕರೆ ಬೇಕಿತ್ತು. ಒರಿಗಾಮಿಯ, ಅಂದರೆ ಕಾಗದ ಮಡಚುವ ಕಲೆಯ, ಒಂದು ಚಿತ್ರ ಹುಡುಕಿ, ಇಬ್ಬರೂ ನೆಲದ ಮೇಲೆ ಕೂತೆವು. ಒಂದು ಹಂತ ಬಂತು. ಮೂಲೆಯನ್ನು ಹಿಡಿದು ಮೇಲಕ್ಕೆ ಎಳೆಯಬೇಕು, ಆಗ ಎರಡು ಬದಿಗಳು ತಾವಾಗಿ ಒಳಕ್ಕೆ ಬೀಳಬೇಕು. ನನಗೆ ಬೀಳಲಿಲ್ಲ. ನಾಲ್ಕು ಹಾಳೆ ಹರಿದೆ. ಮಗಳು ಬೇಜಾರಾಗಿ ಎದ್ದು ಹೋದಳು. ನಾನು ಮಾತ್ರ ಅಲ್ಲೇ ಇದ್ದೆ. ದಿನವಿಡೀ ಬೇರೆಯವರಿಗೆ "ಹೀಗೆ ಮಾಡಿ" ಅಂತ ಚಿತ್ರ ಬರೆಯುವವಳಿಗೆ ಒಂದು ಚಿತ್ರ ಅರ್ಥವಾಗುತ್ತಿಲ್ಲ ಅಂದರೆ ಹೇಗೆ?

ಒಂದು ಗಂಟೆ ಕಳೆದ ಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಗೆರೆಗಳನ್ನು ನಾನು ಸರಿಯಾಗಿ ಓದಿರಲಿಲ್ಲ. ತುಂಡು ತುಂಡಾದ ಗೆರೆ ಅಂದರೆ ಕಣಿವೆ ಮಡಿಕೆ, ಕಾಗದವನ್ನು ನಮ್ಮ ಕಡೆಗೆ ಮಡಚಬೇಕು. ತುಂಡು ಗೆರೆಗಳ ನಡುವೆ ಚುಕ್ಕೆ ಬಂದರೆ ಬೆಟ್ಟದ ಮಡಿಕೆ, ಹಿಂದಕ್ಕೆ ಮಡಚಬೇಕು. ಸುರುಳಿ ಸುತ್ತಿಕೊಂಡ ಬಾಣ ಬಂದರೆ ಇಡೀ ಕಾಗದವನ್ನು ಬೋರಲು ಹಾಕಬೇಕು. ಒಂದು ಮಾತೂ ಇಲ್ಲದೆ ಇಷ್ಟೆಲ್ಲ ಹೇಳುವ ಈ ಪದ್ಧತಿಗೆ ತಳಹದಿ ಹಾಕಿದವರು ಜಪಾನಿನ ಅಕಿರಾ ಯೋಶಿಜಾವಾ, 1950ರ ದಶಕದಲ್ಲಿ. ಅವರು ಚಿಕ್ಕವರಿದ್ದಾಗ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಅಲ್ಲೇ ತಾಂತ್ರಿಕ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆದವರು. ಕಿರಿಯರಿಗೆ ಜ್ಯಾಮಿತಿ ಹೇಳಿಕೊಡಲು ಕಾಗದ ಮಡಚಿ ತೋರಿಸುತ್ತಿದ್ದರಂತೆ. ಓದಿ ಖುಷಿಯಾಯಿತು. ನಮ್ಮ ಕಸುಬಿನವರೇ!

ಕೊಕ್ಕರೆ ರಾತ್ರಿ ಹನ್ನೊಂದಕ್ಕೆ ಆಯಿತು. ಒಂದು ರೆಕ್ಕೆ ಸೊಟ್ಟ. ಅದನ್ನು ಮೇಜಿನ ಮೇಲೆ ಇಟ್ಟು ಮಲಗಿದೆ. ಮರುದಿನ ಇನ್ನೊಂದು ಮಾಡಬೇಕು ಅಂತ ಬೆಳಿಗ್ಗೆಯೇ ಕೈ ತುರಿಸುತ್ತಿತ್ತು. ಎಷ್ಟೋ ವರ್ಷದ ಮೇಲೆ ಹಾಗನ್ನಿಸಿದ್ದು.

ಅಲ್ಲಿಂದ ಮುಂದೆ ನನಗೆ ನಾನೇ ಕೆಲವು ಕಟ್ಟುಪಾಡು ಹಾಕಿಕೊಂಡೆ. ಪುಸ್ತಕ ಓದಿ ಮಾಡಿಕೊಂಡದ್ದಲ್ಲ, ಅಟ್ಟದ ಮೇಲಿನ ಕ್ಯಾಮೆರಾ ಕಲಿಸಿದ್ದು. ಹೊಸ ಆಟ ಶುರು ಮಾಡಿದ ಮೊದಲ ಎರಡು ವಾರ ಏನನ್ನೂ ಕೊಳ್ಳುವಂತಿಲ್ಲ, ಮನೆಯಲ್ಲಿ ಇದ್ದದ್ದರಲ್ಲೇ ಆಗಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮಜಾ ಬರುತ್ತಿರುವಾಗಲೇ ನಿಲ್ಲಿಸಬೇಕು, ಸುಸ್ತಾದ ಮೇಲಲ್ಲ. ಇದು ಕಷ್ಟ, ಆದರೆ ಮರುದಿನ ಕೂರುವುದು ಇದರಿಂದ ಸುಲಭವಾಗುತ್ತದೆ. ಬಿಟ್ಟರೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಮತ್ತೆ, ಮೊದಲ ಒಂದು ತಿಂಗಳು ಯಾರಿಗೂ ತೋರಿಸುವಂತಿಲ್ಲ. ತೋರಿಸಿದ ಕೂಡಲೇ "ಚೆನ್ನಾಗಿದೆ" ಅನ್ನುತ್ತಾರೆ. ಆಮೇಲೆ ಅದು ಚೆನ್ನಾಗಿಯೇ ಇರಬೇಕು ಅನ್ನುವ ಭಾರ ಶುರುವಾಗುತ್ತದೆ.

ಎರಡನೆಯ ಆಟ ಜಗ್ಲಿಂಗ್. ಮೂರು ಚೆಂಡು ಎಸೆದು ಹಿಡಿಯುವುದು. ಯಾಕೆ ಅಂತ ಕೇಳಬೇಡಿ, ಒಬ್ಬ ಹುಡುಗ ಮಾಡುತ್ತಿದ್ದುದನ್ನು ನೋಡಿದೆ, ಬೇಕು ಅನ್ನಿಸಿತು. ಮೊದಲು ಸುತ್ತಿದ ಕಾಲುಚೀಲದಲ್ಲಿ ಆಡಿದೆ, ತೀರಾ ಹಗುರ. ಆಮೇಲೆ ಹಳೆ ಬಟ್ಟೆಯಲ್ಲಿ ಮರಳು ತುಂಬಿ ಹೊಲಿದೆ. ಬಿದ್ದರೆ ಉರುಳುವುದಿಲ್ಲ, ಅಲ್ಲೇ ಕೂರುತ್ತದೆ. ಮಂಚಕ್ಕೆ ಎದುರಾಗಿ ನಿಲ್ಲಬೇಕು. ಚೆಂಡು ಹಾಸಿಗೆಯ ಮೇಲೆ ಬೀಳುವುದರಿಂದ ಪ್ರತಿ ಸಲ ಬಗ್ಗಿ ಸೊಂಟ ಮುರಿದುಕೊಳ್ಳುವುದು ತಪ್ಪುತ್ತದೆ.

ಒಂದು ಚೆಂಡಿನಿಂದ ಶುರು. ಒಂದು ಕೈಯಿಂದ ಇನ್ನೊಂದಕ್ಕೆ, ಕಣ್ಣಿನ ಮಟ್ಟಕ್ಕೆ ಏರುವ ಹಾಗೆ. ಆಮೇಲೆ ಎರಡು. ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ. ಮೊದಲ ಚೆಂಡು ಮೇಲೆ ಹೋದಾಗ ಗಾಬರಿಯಾಗಿ ಎರಡನೆಯದನ್ನು ಎಸೆಯುವ ಬದಲು ಪಕ್ಕದ ಕೈಗೆ ದಾಟಿಸಿಬಿಡುತ್ತೇವೆ. ಹಾಗಲ್ಲ. ಮೊದಲನೆಯದು ತುದಿ ಮುಟ್ಟಿ ಇಳಿಯಲು ಶುರು ಮಾಡುವವರೆಗೆ ಕಾಯಬೇಕು, ಆಮೇಲೆ ಎರಡನೆಯದೂ ಅಷ್ಟೇ ಎತ್ತರಕ್ಕೆ ಹೋಗಬೇಕು. ಆ ಅರ್ಧ ಕ್ಷಣ ಕಾಯುವುದನ್ನು ಕಲಿಯಲು ನನಗೆ ಹತ್ತು ದಿನ ಬೇಕಾಯಿತು. ಮೂರು ಚೆಂಡಿನಲ್ಲಿ ಒಂದೇ ಸಮನೆ ಆರು ಸಲ ಹಿಡಿಯಲು ಮೂರು ವಾರ.

ಆ ಹೊತ್ತಿಗೆ ಕ್ಲಾಡ್ ಶಾನನ್ ಬಗ್ಗೆ ತಿಳಿಯಿತು. 1948ರಲ್ಲಿ ಮಾಹಿತಿ ಸಿದ್ಧಾಂತ ಬರೆದ ಗಣಿತಜ್ಞ. ಇವತ್ತಿನ ಫೋನು, ಕಂಪ್ಯೂಟರು ಎಲ್ಲದರ ಬೇರಿನಲ್ಲೂ ಅವರ ಲೆಕ್ಕ ಇದೆ. ಇದೇ ಮನುಷ್ಯ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾ ಕೇಂದ್ರದ ಪಡಸಾಲೆಯಲ್ಲಿ ಒಂದೇ ಚಕ್ರದ ಸೈಕಲ್ ಓಡಿಸುತ್ತಾ ಚೆಂಡು ಎಸೆಯುತ್ತಿದ್ದರು. ಜಟಿಲ ದಾರಿಯಲ್ಲಿ ಹುಡುಕಿಕೊಂಡು ಹೋಗುವ ಯಂತ್ರದ ಇಲಿ ಮಾಡಿದರು. ಗುಂಡಿ ಒತ್ತಿದರೆ ಒಳಗಿನಿಂದ ಒಂದು ಕೈ ಬಂದು ಅದೇ ಗುಂಡಿಯನ್ನು ಆರಿಸಿ ಮತ್ತೆ ಒಳಗೆ ಹೋಗುವ ಪೆಟ್ಟಿಗೆಯನ್ನೂ ಮಾಡಿದರು. ಅದರಿಂದ ಬೇರೇನೂ ಉಪಯೋಗ ಇಲ್ಲ! ಜಗ್ಲಿಂಗಿಗೂ ಒಂದು ಸೂತ್ರ ಬರೆದಿಟ್ಟರು. ಚೆಂಡು ಗಾಳಿಯಲ್ಲಿರುವ ಹೊತ್ತು, ಕೈಯಲ್ಲಿರುವ ಹೊತ್ತು, ಕೈ ಖಾಲಿ ಇರುವ ಹೊತ್ತು, ಈ ಮೂರಕ್ಕೂ ಕೈ ಮತ್ತು ಚೆಂಡುಗಳ ಎಣಿಕೆಗೂ ಇರುವ ಸಂಬಂಧ ಅದು. ನನ್ನ ಹತ್ತು ದಿನದ ಒದ್ದಾಟ ಆ ಒಂದು ಸಾಲಿನಲ್ಲಿ ಇತ್ತು.

ನಡುವೆ ಒಂದು ಎಡವಟ್ಟೂ ಆಯಿತು. ಪರಿಚಯದವರೊಬ್ಬರು ಮೇಜಿನ ಮೇಲಿದ್ದ ಕೊಕ್ಕರೆಗಳನ್ನು ನೋಡಿ, ಒಂದು ಸಮಾರಂಭದ ಅಲಂಕಾರಕ್ಕೆ ಇನ್ನೂರು ಬೇಕು, ದುಡ್ಡು ಕೊಡುತ್ತೇವೆ ಅಂದರು. ಹೆಮ್ಮೆಯಿಂದ ಒಪ್ಪಿಕೊಂಡೆ. ನೂರರ ಹೊತ್ತಿಗೆ ಕೊಕ್ಕರೆ ಕಂಡರೆ ಸಿಟ್ಟು ಬರುತ್ತಿತ್ತು. ಕೊಟ್ಟೆ, ದುಡ್ಡು ತಗೊಂಡೆ, ಆಮೇಲೆ ಮೂರು ತಿಂಗಳು ಒಂದು ಹಾಳೆಯನ್ನೂ ಮಡಚಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ. 1973ರಲ್ಲಿ ಪ್ರಕಟವಾದ ಪ್ರಯೋಗ ಒಂದಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮನಶ್ಶಾಸ್ತ್ರಜ್ಞರು ಚಿತ್ರ ಬರೆಯುವುದನ್ನು ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬರೆದರೆ ಪ್ರಶಸ್ತಿ ಪತ್ರ" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ, ಪ್ರಶಸ್ತಿಗೆ ಅಂತ ಬರೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟುತ್ತಿದ್ದರು. ಅನಿರೀಕ್ಷಿತವಾಗಿ ಪತ್ರ ಸಿಕ್ಕ ಮಕ್ಕಳಿಗೆ ಹಾಗಾಗಲಿಲ್ಲ. ಅಂದರೆ ಬಹುಮಾನದ್ದೇ ತಪ್ಪಲ್ಲ, ಮೊದಲೇ ಮಾಡಿಕೊಂಡ ಕರಾರಿನದು. ಈಗ ನಾನು ಕೊಕ್ಕರೆಯನ್ನು ಯಾರಿಗೆ ಬೇಕಾದರೂ ಸುಮ್ನೆ ಕೊಡುತ್ತೇನೆ. ಆರ್ಡರ್ ಮಾತ್ರ ತಗೊಳ್ಳುವುದಿಲ್ಲ.

ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಎರಡನೇ ವರ್ಷ ನನ್ನ ಕೈಯಲ್ಲಿ ಏಳು ಆಟ ಇದ್ದವು. ಗಂಟು ಹಾಕುವುದು, ನೆರಳಿನ ಗಡಿಯಾರ, ಇನ್ನೂ ಏನೇನೋ. ಒಂದು ಕೈಪಿಡಿ ಹತ್ತು ದಿನ ತಡವಾಯಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. "ಮೂರನೇ ಅಧ್ಯಾಯ ಯಾವಾಗ ಮುಗಿಸ್ತೀಯ? ಚೆಂಡು ಎಸೆದ್ರೆ ಅದು ಮುಗಿಯಲ್ಲ" ಅಂದರು. ಜಗಳವಾಡಿದೆ. ಆದರೆ ಅವರು ಹೇಳಿದ್ದು ಸರಿಯೇ ಇತ್ತು. ಅದು ಆಟವಾಗಿ ಉಳಿದಿರಲಿಲ್ಲ, ತಪ್ಪಿಸಿಕೊಳ್ಳುವ ದಾರಿಯಾಗಿತ್ತು. ಆಟ ಮುಗಿಸಿ ಬಂದಾಗ ಕೆಲಸದ ಮೇಜು ಹತ್ತಿರವಾಗಿ ಕಾಣುತ್ತದೋ, ಇನ್ನೂ ದೂರವೋ ಅಂತ ಈಗ ಗಮನಿಸುತ್ತೇನೆ. ದೂರ ಅನ್ನಿಸಿದರೆ ಅವತ್ತಿಗೆ ಚೆಂಡು ಒಳಗೆ.

ಏಳರಲ್ಲಿ ನಾಲ್ಕು ಉದುರಿಹೋದವು. ಉಳಿದದ್ದು ಯಾವುದು ಅಂತ ನೋಡಿದಾಗಲೇ ನನಗೆ ತಲೆಗೆ ಹೊಳೆದದ್ದು.

ಜಗ್ಲಿಂಗ್ ಮಾಡುವವರಿಗೆ ತಮ್ಮದೇ ಬರಹ ಇದೆ, ಸೈಟ್‌ಸ್ವಾಪ್ ಅಂತ. 1980ರ ದಶಕದಲ್ಲಿ ಬೇರೆ ಬೇರೆ ಕಡೆಯ ಜನ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕಂಡುಕೊಂಡದ್ದು. ಪ್ರತಿ ಎಸೆತಕ್ಕೆ ಒಂದು ಅಂಕೆ. 3 ಅಂದರೆ ಮಾಮೂಲಿ ಎಸೆತ, ಆಚೆ ಕೈಗೆ. 4 ಸ್ವಲ್ಪ ಎತ್ತರ, ಅದೇ ಕೈಗೆ ಮರಳುತ್ತದೆ. 1 ಅಂದರೆ ಸರ್ರನೆ ಪಕ್ಕದ ಕೈಗೆ. 441 ಅಂತ ಬರೆದರೆ ಅದೊಂದು ಪೂರ್ತಿ ವರಸೆ. ಅಂಕೆಗಳ ಸರಾಸರಿ ತೆಗೆದರೆ ಎಷ್ಟು ಚೆಂಡು ಬೇಕು ಅಂತ ಬರುತ್ತದೆ: ಒಂಬತ್ತನ್ನು ಮೂರರಿಂದ ಭಾಗಿಸಿದರೆ ಮೂರು. 432ಕ್ಕೂ ಸರಾಸರಿ ಮೂರೇ. ಆದರೆ ಅದನ್ನು ಆಡಲಾಗುವುದಿಲ್ಲ, ಮೂರು ಎಸೆತವೂ ಒಂದೇ ಕ್ಷಣಕ್ಕೆ ಒಂದೇ ಕೈಗೆ ಬಂದು ಬೀಳುತ್ತವೆ. ಇದನ್ನು ಕಾಗದದ ಮೇಲೆ ಬರೆದು ನೋಡಿ ಹಿಡಿದ ದಿನ ನನಗೆ ಆದ ಖುಷಿ ಚೆಂಡು ಹಿಡಿದಾಗ ಆದದ್ದಕ್ಕಿಂತ ಜಾಸ್ತಿ.

ಅಲ್ಲಿಗೆ ಗುಟ್ಟು ಬಯಲಾಯಿತು. ಕಾಗದವೂ ಅಲ್ಲ, ಚೆಂಡೂ ಅಲ್ಲ. ಚಲನೆಯನ್ನು ಅಲುಗಾಡದ ಕಾಗದದ ಮೇಲೆ ಹೇಗೆ ಬರೆಯುವುದು ಅನ್ನುವುದೇ ನನ್ನ ಹುಚ್ಚು. ಹದಿನಾಲ್ಕು ಸಾಲಿನ ಆ ಪಟ್ಟಿಯಲ್ಲಿ ಇದು ಹೇಗೆ ಬರಬೇಕಿತ್ತು? ಇದಕ್ಕೆ ಹೆಸರೇ ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಅದನ್ನೇ ಸಂಬಳಕ್ಕೆ ಮಾಡುತ್ತಾ, ಅದರಲ್ಲೇ ಬೇಸತ್ತು ಕೂತಿದ್ದೆ!

ಆಮೇಲೆ ಹುಡುಕಾಟ ಬೇರೆಯೇ ಆಯಿತು. ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ನೃತ್ಯದ ಬರಹ ಸಿಕ್ಕಿತು. ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುಗೆರೆಯ ಎಡಕ್ಕೆ ದೇಹದ ಎಡಭಾಗ, ಬಲಕ್ಕೆ ಬಲಭಾಗ. ಚಿಹ್ನೆ ಉದ್ದವಾದಷ್ಟೂ ಚಲನೆ ನಿಧಾನ. ಕಪ್ಪು ತುಂಬಿದ್ದರೆ ಕೆಳಮಟ್ಟ, ಓರೆಗೆರೆ ಇದ್ದರೆ ಮೇಲ್ಮಟ್ಟ. ನನಗೆ ಕುಣಿಯಲು ಬರುವುದಿಲ್ಲ. ಆದರೂ ಒಂದು ಭಾನುವಾರ ಪೂರ್ತಿ ನಾಲ್ಕು ಹೆಜ್ಜೆ ಓದಿ, ಅಡುಗೆಮನೆಯಲ್ಲಿ ಹಾಕಿ ನೋಡಿದೆ. ಮಗಳು ಬಿದ್ದು ಬಿದ್ದು ನಕ್ಕಳು.

ಕೆಲಸದಲ್ಲೂ ಒಂದಿಷ್ಟು ಬದಲಾಯಿತು. ಯಂತ್ರವನ್ನು ಬೋರಲು ಹಾಕುವ ಹಂತದಲ್ಲಿ ಜನ ಯಾವಾಗಲೂ ತಪ್ಪುತ್ತಿದ್ದರು. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಯಂತ್ರ ತಿರುಗಿದೆ ಅಂತ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಒರಿಗಾಮಿಯ ಸುರುಳಿ ಬಾಣವನ್ನು ಎರಡು ಚಿತ್ರಗಳ ನಡುವೆ ಹಾಕಿದೆ. ಕೆಲಸಕ್ಕೆ ಹೊಸಬನಾದ ಹುಡುಗನಿಗೆ ಕೊಟ್ಟು ಮಾಡಿಸಿದೆ, ಮಾತಾಡದೆ ಪಕ್ಕದಲ್ಲಿ ನಿಂತು ನೋಡಿದೆ. ಆ ಹಂತಕ್ಕೆ ಬಂದವನೇ ಯಂತ್ರವನ್ನು ಬೋರಲು ಹಾಕಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೊನ್ನೆ ಅಟ್ಟದಿಂದ ಮೌತ್ ಆರ್ಗನ್ ಇಳಿಸಿದೆ. ಆಗ ಸಂಗೀತ ಕಲಿಯಬೇಕು ಅಂತ ಹಟದಿಂದ ಹಿಡಿದಿದ್ದೆ. ಈಗ ಅದರ ಜೊತೆ ಬಂದ ಕಾಗದವನ್ನೇ ಮೊದಲು ಬಿಚ್ಚಿದೆ. ರಂಧ್ರಕ್ಕೊಂದು ಸಂಖ್ಯೆ. ಪಕ್ಕದಲ್ಲಿ ಮೇಲ್ಮುಖದ ಬಾಣ ಇದ್ದರೆ ಊದಬೇಕು, ಕೆಳಮುಖ ಇದ್ದರೆ ಉಸಿರು ಒಳಗೆ ಎಳೆಯಬೇಕು. ಆಗಲೂ ಇದು ಡಬ್ಬಿಯಲ್ಲೇ ಇತ್ತು, ನಾನೂ ಎಲ್ಲರ ಹಾಗೆ ಪಕ್ಕಕ್ಕೆ ಎಸೆದಿದ್ದೆ. ಸ್ವರ ಇನ್ನೂ ಕರ್ಕಶವಾಗಿಯೇ ಬರುತ್ತಿದೆ. ಮಗಳು ಬಾಗಿಲು ಹಾಕಿಕೊಳ್ಳುತ್ತಾಳೆ.